ಸೂಪರ್ ಮಾರಿಯೊ ಮೇಕರ್ 2: ಜನ ಅರ್ಧಕ್ಕೇ ಬಿಟ್ಟು ಹೋಗದಂಥ ಲೆವೆಲ್ ಕಟ್ಟುವುದು ಹೇಗೆ?

ಮಾರಿಯೊ ಆಟದ ಲೆವೆಲ್‌ಗಳನ್ನು ನಾವೇ ಕಟ್ಟಿ ಬೇರೆಯವರಿಗೆ ಆಡಲು ಬಿಡುವ ಆಟ ಇದು. ಮೊದಲ ಲೆವೆಲ್ ಅಪ್‌ಲೋಡ್ ಮಾಡಿದ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಂಟೆಂಡೊ ಸ್ವಿಚ್ ಯಂತ್ರ ಎತ್ತಿಕೊಂಡು ಯಾರಾದರೂ ಆಡಿದರಾ, ಲೈಕ್ ಬಂತಾ ಎಂದು ನೋಡುವುದೇ ಕೆಲಸ. ಬೆಳಿಗ್ಗೆ ಎದ್ದು ನೋಡಿದರೆ ಆಡಿದವರು ನಲವತ್ತು, ಮುಗಿಸಿದವರು ಇಬ್ಬರು, ಲೈಕ್ ಒಂದೇ. ಅದೂ ಗೆಳೆಯನದ್ದು. ಆಮೇಲೆ ನನಗೊಂದು ಕೋರ್ಸ್ ಐಡಿ, ಅಂದರೆ ಆ ಲೆವೆಲ್‌ನ ಗುರುತಿನ ಅಕ್ಷರಗಳು, ಬರುತ್ತದೆ: "ಎಲ್ಲಿ ತಪ್ಪಾಯ್ತು, ಸ್ವಲ್ಪ ಆಡಿ ನೋಡಿ ಹೇಳ್ತೀರಾ?"

ಇಂಥ ಲೆವೆಲ್‌ಗಳನ್ನು ಆಡಿ ಆಡಿ ನನಗೆ ಅರ್ಥವಾಗಿದ್ದು ಇಷ್ಟು. ಐಡಿಯಾಕ್ಕೆ ಯಾರಿಗೂ ಬರವಿಲ್ಲ. ಆದರೆ ಎಲ್ಲಿ ಏನಿದೆ ಎಂಬುದು ಕಟ್ಟಿದವರಿಗೆ ಗೊತ್ತು, ಆಡುವವರಿಗೆ ಗೊತ್ತಿಲ್ಲ. ಚಿಕ್ಕವರಿದ್ದಾಗ ಕುಂಟೆಬಿಲ್ಲೆಗೆ ದೊಡ್ಡಕ್ಕಂದಿರು ತಮ್ಮ ಕಾಲಳತೆಗೆ ಮನೆ ಗೀಚಿ, ಪುಟ್ಟವರು ಗೆರೆ ತುಳಿದಾಗಲೆಲ್ಲ "ಔಟ್" ಎನ್ನುತ್ತಿದ್ದರಲ್ಲ, ಹಾಗೆ. ಕೆಳಗಿನ ಹಂತಗಳೆಲ್ಲ ಗೆರೆಯನ್ನು ಆಡುವವರ ಕಾಲಳತೆಗೆ ಗೀಚುವುದಕ್ಕೆ. ಇವನ್ನು ಇದೇ ಕ್ರಮದಲ್ಲಿ ಮಾಡಿ. ನಾನು ನೋಡಿದ ಕೆಟ್ಟ ಲೆವೆಲ್‌ಗಳಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದು ಕ್ರಮ ತಪ್ಪಿದ್ದರಿಂದ.

## ಕೂರುವ ಮೊದಲು ಬೇಕಾದದ್ದು

ಆಟ ಮತ್ತು ನಿಂಟೆಂಡೊ ಸ್ವಿಚ್ ಹೇಗೂ ಇದ್ದೇ ಇರುತ್ತದೆ. ಅಪ್‌ಲೋಡ್ ಮಾಡಲು, ಬೇರೆಯವರದನ್ನು ಆಡಲು ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಕಟ್ಟಿರಬೇಕು. ಮನೆಯಲ್ಲಿ ಸುಮ್ಮನೆ ಕಟ್ಟಿ ಆಡುವುದಕ್ಕೆ ಅದು ಬೇಡ. ಹಾಗಾಗಿ ಲೆವೆಲ್ ತಯಾರಾಗುವವರೆಗೂ ದುಡ್ಡು ಕಟ್ಟುವ ಅವಸರವಿಲ್ಲ.

ಕಟ್ಟುವಾಗ ಯಂತ್ರವನ್ನು ಟಿವಿಯಿಂದ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಬೆರಳಲ್ಲಿ ಎಳೆದು ಇಡುವುದಕ್ಕೂ ಕಂಟ್ರೋಲರ್‌ನಲ್ಲಿ ಕರ್ಸರ್ ಓಡಿಸುವುದಕ್ಕೂ ಅಜಗಜಾಂತರ. ಬೆರಳಿನ ಕಲೆ ಸಹಿಸದವರು ಒಂದು ಅಗ್ಗದ ಸ್ಟೈಲಸ್ ಇಟ್ಟುಕೊಂಡರೆ ಸಾಕು. ಪರೀಕ್ಷೆ ಮಾಡುವುದನ್ನು ಮಾತ್ರ ಟಿವಿಯಲ್ಲೂ ಒಮ್ಮೆ ಮಾಡಿ.

ಮೂರನೆಯದು ಒಂದು ಹಾಳೆ, ಪೆನ್ಸಿಲ್. ನಾಲ್ಕನೆಯದು ನಿಮ್ಮ ಲೆವೆಲನ್ನು ಒಮ್ಮೆಯೂ ನೋಡಿರದ ಒಬ್ಬ ಮನುಷ್ಯ. ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ.

ಪೂರ್ತಿ ಹೊಸಬರಾದರೆ ಆಟದೊಳಗಿನ ಯಮಾಮುರಾ ಡೋಜೊದ ಪಾಠಗಳನ್ನು ನೋಡಿಬಿಡಿ. ನೀನಾ ಎಂಬ ಹುಡುಗಿ, ಮಾತಿನ ಬದಲು ಗುಟುರು ಹಾಕುವ ಒಂದು ಪಾರಿವಾಳ ಸೇರಿ ಕಲಿಸುತ್ತಾರೆ. ಮೊದಲ ಹಂತದ ಪಾಠಗಳು ಬಟನ್‌ಗಳ ಬಗ್ಗೆ. ಆಮೇಲಿನವು ಹೆಚ್ಚಾಗಿ ಆಡುವವರ ಮನಸ್ಸಿನ ಬಗ್ಗೆ, ಅವನ್ನು ಬಿಡಬೇಡಿ.

## ಹಂತ 1: ಒಂದೇ ಒಂದು ವಸ್ತು ಆರಿಸಿ

ಖಾಲಿ ಪರದೆ ತೆರೆದ ಕೂಡಲೇ ಕೈ ತುರಿಸುತ್ತದೆ. ಪುಟ್ಟ ಶತ್ರು ಗೂಂಬಾ, ಆಮೆಯಂಥ ಕೂಪಾ, ಗರಗಸ, ಬೆಂಕಿ, ದೊಡ್ಡ ಖಳ ಬೌಸರ್ ಎಲ್ಲ ಒಟ್ಟಿಗೆ ಬೇಕೆನಿಸುತ್ತದೆ. ಮದುವೆ ಮನೆಯ ಎಲೆಯಲ್ಲಿ ಹದಿನೆಂಟು ಬಗೆ ಬಡಿಸಿದರೂ ಯಾವುದರ ರುಚಿಯೂ ನೆನಪಿರುವುದಿಲ್ಲವಲ್ಲ, ಅದೇ ಕಥೆ.

ಹಾಳೆಯ ಮೇಲೆ ಒಂದೇ ಸಾಲು ಬರೆಯಿರಿ: "ಈ ಲೆವೆಲ್ ಇಂಥದ್ದರ ಬಗ್ಗೆ." ಇಲ್ಲಿ ಉದಾಹರಣೆಗೆ ಆನ್/ಆಫ್ ಸ್ವಿಚ್ಚನ್ನೇ ಹಿಡಿದುಕೊಳ್ಳುತ್ತೇನೆ. ಆನ್ ಇದ್ದಾಗ ಕೆಂಪು ಬ್ಲಾಕ್‌ಗಳು ಗಟ್ಟಿ, ನೀಲಿಯವು ಬರೀ ಚುಕ್ಕೆಗೆರೆ. ತಲೆಯಿಂದ ಗುದ್ದಿದರೋ ಕೂಪಾದ ಚಿಪ್ಪು ತಾಗಿದರೋ ಅದಲುಬದಲು. ಈ ಒಂದರಿಂದಲೇ ಸೇತುವೆ ಕಟ್ಟಬಹುದು, ಗೋಡೆ ಒಡೆಯಬಹುದು, ಶತ್ರುವನ್ನು ಕೆಳಕ್ಕೆ ಬೀಳಿಸಬಹುದು. ಇಡೀ ಲೆವೆಲ್‌ಗೆ ಧಾರಾಳ ಸಾಕು.

ಒಂದೇ ಸಾಲಿನಲ್ಲಿ ಬರೆಯಲಾಗದೆ "ಮತ್ತು", "ಆಮೇಲೆ" ಎಂದು ಸೇರಿಸುತ್ತಾ ಹೋದರೆ ಅದೇ ಎಚ್ಚರಿಕೆಯ ಗಂಟೆ. ಅದು ಎರಡು ಲೆವೆಲ್. ಎರಡನೆಯದನ್ನು ಹಾಳೆಯ ಹಿಂಬದಿಗೆ ಬರೆದಿಡಿ.

## ಹಂತ 2: ಸ್ಟೈಲನ್ನು ಈಗಲೇ ನಿರ್ಧರಿಸಿ

ಆಟದಲ್ಲಿ ಐದು ಸ್ಟೈಲ್‌ಗಳಿವೆ: ಸೂಪರ್ ಮಾರಿಯೊ ಬ್ರದರ್ಸ್, ಸೂಪರ್ ಮಾರಿಯೊ ಬ್ರದರ್ಸ್ 3, ಸೂಪರ್ ಮಾರಿಯೊ ವರ್ಲ್ಡ್, ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ಯು, ಸೂಪರ್ ಮಾರಿಯೊ 3ಡಿ ವರ್ಲ್ಡ್. ಮೊದಲ ನಾಲ್ಕರ ನಡುವೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಅದನ್ನು ನೋಡಿ ಎಷ್ಟೋ ಜನ ಇದು ಬರೀ ಬಣ್ಣದ ವ್ಯತ್ಯಾಸ ಎಂದುಕೊಳ್ಳುತ್ತಾರೆ. ಅಲ್ಲ. ಮಾರಿಯೊನ ಕೈಕಾಲೇ ಬದಲಾಗುತ್ತದೆ.

ಮೊದಲ ಸ್ಟೈಲ್‌ನಲ್ಲಿ ಚಿಪ್ಪನ್ನು ಕೈಯಲ್ಲಿ ಎತ್ತಿಕೊಳ್ಳಲಾಗದು, ಬ್ರದರ್ಸ್ 3ರಲ್ಲಿ ಎತ್ತಬಹುದು. ವರ್ಲ್ಡ್‌ನಲ್ಲಿ ಗಿರಕಿ ಜಿಗಿತವಿದೆ. 'ಯು'ನಲ್ಲಿ ಗೋಡೆಯಿಂದ ಗೋಡೆಗೆ ಚಿಮ್ಮಿ ಮೇಲೇರಬಹುದು, ಹಿಂದಿನ ಮೂರರಲ್ಲಿ ಅದಿಲ್ಲ. ಗೋಡೆ ಜಿಗಿತ ನಂಬಿ ಬಾವಿಯೊಂದನ್ನು ಕಟ್ಟಿ, ಆಮೇಲೆ "ಹಳೇ ಗ್ರಾಫಿಕ್ಸ್ ಚೆಂದ" ಎಂದು ಬ್ರದರ್ಸ್ 3ಕ್ಕೆ ಬದಲಾಯಿಸಿದರೆ ಬಾವಿಗೆ ಬಿದ್ದ ಮಾರಿಯೊ ಅಲ್ಲೇ ಇರಬೇಕು.

3ಡಿ ವರ್ಲ್ಡ್ ಅಂತೂ ಬೇರೆಯದೇ ಲೋಕ. ಉಳಿದವುಗಳಿಂದ ಅದಕ್ಕೆ ಹೋದರೆ ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ಆಟ ಮೊದಲೇ ಎಚ್ಚರಿಸುತ್ತದೆ, ಓದದೆ ಒತ್ತುವವರು ನಾವು.

ಚಿಪ್ಪು ಎತ್ತಿ ಎಸೆಯುವ ಅವಕಾಶ ಇರಲಿ ಎಂದು ನಮ್ಮ ಆನ್/ಆಫ್ ಲೆವೆಲ್‌ಗೆ ಬ್ರದರ್ಸ್ 3 ಅನ್ನೇ ಆರಿಸೋಣ. ಭೂಮಿ, ಮರುಭೂಮಿ, ಹಿಮ, ಭೂತಬಂಗಲೆ ಮುಂತಾದ ಹಿನ್ನೆಲೆಗಳನ್ನು ಆಮೇಲೆ ನೋಡಿಕೊಳ್ಳಬಹುದು. ಆದರೆ ಮೊದಲ ಲೆವೆಲ್‌ಗೆ ನೀರಿನಡಿಯದು ಬೇಡ, ಅಲ್ಲಿ ಜಿಗಿತವೇ ಇಲ್ಲ, ಬರೀ ಈಜು.

## ಹಂತ 3: ಜಿಗಿತ ಅಳೆದುಕೊಳ್ಳಿ

ಇದು ಅರ್ಧ ಗಂಟೆಯ ಕೆಲಸ, ಒಮ್ಮೆ ಮಾಡಿದರೆ ಜನ್ಮಕ್ಕಾಯಿತು. ಪರದೆಯಲ್ಲಿ ಒಮ್ಮೆಗೆ ಅಡ್ಡಕ್ಕೆ ಕಾಣುವುದು 24 ಬ್ಲಾಕ್. ಇಡೀ ಪ್ರದೇಶ 240 ಬ್ಲಾಕ್ ಉದ್ದ, 27 ಬ್ಲಾಕ್ ಎತ್ತರ. ಅಂದರೆ ಹತ್ತು ಪರದೆ ಉದ್ದ, ಎರಡು ಪರದೆ ಎತ್ತರ.

ಖಾಲಿ ನೆಲದ ಮೇಲೆ ಎರಡು, ಮೂರು, ನಾಲ್ಕು, ಐದು ಬ್ಲಾಕ್ ಎತ್ತರದ ಕಂಬಗಳನ್ನು ನಿಲ್ಲಿಸಿ ಹತ್ತಿ ನೋಡಿ. ನಿಂತಲ್ಲಿಂದ ಹಾರಿದರೆ ಸುಮಾರು ನಾಲ್ಕು, ಜೋರಾಗಿ ಓಡಿ ಹಾರಿದರೆ ಐದು. ಇನ್ನೊಂದೆಡೆ ಅಗಲವನ್ನು ಹೆಚ್ಚಿಸುತ್ತಾ ಹೊಂಡಗಳನ್ನು ತೋಡಿ, ನಡೆದು ಹಾರಿದಾಗ ಎಷ್ಟು, ಓಡಿ ಹಾರಿದಾಗ ಎಷ್ಟು ಎಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ.

ಈಗ ಮುಖ್ಯ ವಿಷಯ. ನಿಮಗೆ ದಾಟಲು ಸಾಧ್ಯವಾದ ಅತಿ ದೊಡ್ಡ ಹೊಂಡ ಲೆವೆಲ್‌ನಲ್ಲಿ ಇರಲೇಬಾರದು. ಅದಕ್ಕಿಂತ ಎರಡು ಬ್ಲಾಕ್ ಕಡಿಮೆ ಮಾಡಿ. ಕೊನೆಯ ಅಂಚಿನಲ್ಲಿ ಕಾಲಿಟ್ಟು ಹಾರಿದರಷ್ಟೇ ದಾಟಬಹುದಾದ ಹೊಂಡ ಕಟ್ಟಿದವರಿಗೆ ಸವಾಲು, ಆಡುವವರಿಗೆ ಬರೀ ಕಿರಿಕಿರಿ.

ಕಟ್ಟುವಾಗ ಮೈನಸ್ ಬಟನ್ ಒತ್ತಿದರೆ ಆಟ, ಮತ್ತೆ ಒತ್ತಿದರೆ ಕಟ್ಟುವ ಪರದೆ. ಆಡಿ ವಾಪಸ್ ಬಂದಾಗ ಮಾರಿಯೊ ಹಾರಿದ ದಾರಿ ನೆರಳಿನ ಸಾಲಾಗಿ ಕಾಣಿಸುತ್ತದೆ. ಅನೇಕರು ಅದನ್ನು ಅಲಂಕಾರ ಎಂದುಕೊಂಡಿದ್ದಾರೆ. ಅದೇ ನಿಮ್ಮ ಅಳತೆಪಟ್ಟಿ. ನಾಣ್ಯಗಳನ್ನು ಆ ನೆರಳಿನ ಮೇಲೆಯೇ ಇಟ್ಟರೆ ಜಿಗಿತದ ಕಮಾನು ತಾನಾಗಿ ಸರಿಹೊಂದುತ್ತದೆ.

## ಹಂತ 4: ಮೊದಲು ಕಲಿಸಿ, ಆಮೇಲೆ ಕಾಡಿಸಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ಆಡುವವರಿಗೆ ನೀವು ಬಾಯಲ್ಲಿ ಹೇಳಿಕೊಡಲಾಗುವುದಿಲ್ಲ. ಲೆವೆಲ್ಲೇ ಹೇಳಿಕೊಡಬೇಕು. ಅದಕ್ಕೆ ಒಂದೇ ವಸ್ತುವನ್ನು ನಾಲ್ಕು ಸಲ ಎದುರಿಗಿಡಿ, ಪ್ರತಿ ಸಲವೂ ಸ್ವಲ್ಪ ಬಿಗಿ ಮಾಡುತ್ತಾ.

ಮೊದಲ ಸಲ, ಸಾಯುವ ಭಯವಿಲ್ಲದೆ. ಸಮತಟ್ಟು ನೆಲ, ಶತ್ರುವಿಲ್ಲ, ಹೊಂಡವಿಲ್ಲ. ಎದುರಿಗೆ ಹಾರಿ ದಾಟಲಾಗದಷ್ಟು ಎತ್ತರದ ಕೆಂಪು ಬ್ಲಾಕ್ ಗೋಡೆ. ಅದರ ಈಚೆ ತಲೆಗೆ ಎಟುಕುವ ಹಾಗೆ ಒಂದು ಸ್ವಿಚ್. ಗುದ್ದಿದರೆ ಗೋಡೆ ಕರಗುತ್ತದೆ. ಸ್ವಿಚ್ಚೂ ಗೋಡೆಯೂ ಒಂದೇ ಪರದೆಯಲ್ಲಿ ಕಾಣಬೇಕು. ಸ್ವಿಚ್ ಇಲ್ಲಿ, ಗೋಡೆ ಮೂರು ಪರದೆ ಆಚೆ ಇದ್ದರೆ ಗುದ್ದಿದ್ದಕ್ಕೆ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಎರಡನೇ ಸಲ, ಸಣ್ಣ ಅಪಾಯದೊಂದಿಗೆ. ಈಗ ಹೊಂಡದ ಮೇಲೆ ನೀಲಿ ಚುಕ್ಕೆಗೆರೆಯ ಸೇತುವೆ. ಅಷ್ಟೊತ್ತಿಗೆ ಸ್ವಿಚ್ ಆಫ್ ಆಗಿರುವುದರಿಂದ ನೀಲಿ ಗಟ್ಟಿಯಾಗಿದೆ. ಅರ್ಧದಲ್ಲಿ ಬಣ್ಣ ಬದಲಾಗಿ ಕೆಂಪು ಸೇತುವೆ ಶುರು, ಸೇರುವಲ್ಲಿ ತಲೆಯ ಮೇಲೆ ಸ್ವಿಚ್. ಸ್ವಿಚ್ ಗುದ್ದಿದ ತಕ್ಷಣ ಕಾಲಡಿಯ ನೀಲಿ ಮಾಯ! ಹಾಗಾಗಿ ಸ್ವಿಚ್‌ನ ಕೆಳಗೆ ಎರಡು ಬ್ಲಾಕ್ ಮಾಮೂಲಿ ನೆಲ ಇಡಬೇಕು. ಈ ಎರಡು ಬ್ಲಾಕ್ ಮರೆತ ಲೆವೆಲ್‌ಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮೂರನೇ ಸಲ, ಬೇರೆ ಯಾರೋ ಗುದ್ದುತ್ತಾರೆ. ಎರಡು ಗೋಡೆಗಳ ನಡುವೆ ಓಡಾಡುವ ಕೂಪಾ ಚಿಪ್ಪೊಂದು ಸ್ವಿಚ್ಚಿಗೆ ಡಿಕ್ಕಿ ಹೊಡೆಯುತ್ತಾ ಇರಲಿ. ಸೇತುವೆಯ ಬಣ್ಣ ತಾಳ ಹಾಕಿದಂತೆ ಬದಲಾಗುತ್ತದೆ. ಆಡುವವರು ನಿಂತು, ನೋಡಿ, ಲಯ ಹಿಡಿದು ಹೆಜ್ಜೆ ಇಡಬೇಕು. ನಿಂತು ನೋಡಲು ಜಾಗ ಕೊಡಿ. ಚಿಪ್ಪಿನ ಕಣಿವೆ ಚಿಕ್ಕದಾದಷ್ಟೂ ತಾಳ ದ್ರುತವಾಗುತ್ತದೆ, ಆದ್ದರಿಂದ ವಿಳಂಬದಲ್ಲೇ ಶುರು ಮಾಡಿ.

ನಾಲ್ಕನೇ ಸಲ, ಪರೀಕ್ಷೆ. ಕಲಿತದ್ದೆಲ್ಲ ಒಂದೇ ಉಸಿರಿನಲ್ಲಿ. ಇಲ್ಲಿ ಹೊಸ ವಸ್ತು ತರಬೇಡಿ. ಗುರಿಯ ಹತ್ತಿರ ಇದ್ದಕ್ಕಿದ್ದಂತೆ ಬೌಸರ್ ಪ್ರತ್ಯಕ್ಷನಾಗುವುದು, ಗಣಿತದ ಪರೀಕ್ಷೆಯ ಕೊನೆಯ ಪ್ರಶ್ನೆಯಾಗಿ ಇತಿಹಾಸ ಕೇಳಿದಂತೆ.

ಮಧ್ಯೆ ಮಧ್ಯೆ ಉಸಿರಾಡಲು ಅರ್ಧ ಪರದೆಯಷ್ಟು ಖಾಲಿ ನೆಲ ಬಿಡಿ. ಕಟ್ಟುವವರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಅಲ್ಲೊಂದು ಗೂಂಬಾ ತುರುಕುತ್ತಾರೆ. ಕೈ ಕಟ್ಟಿಕೊಳ್ಳಿ.

## ಹಂತ 5: ಕಾಣದ್ದರಿಂದ ಕೊಲ್ಲಬೇಡಿ

ಇದಕ್ಕೆ ನನ್ನದೇ ಲೆವೆಲ್‌ನ ಉದಾಹರಣೆ. ಮೇಲಿನ ದಾರಿಯಿಂದ ಕೆಳಗಿನ ದಾರಿಗೆ ಒಂದು ನೆಗೆತ ಇಟ್ಟಿದ್ದೆ. ಕೆಳಗೆ ಪೈಪ್, ಅದರಲ್ಲಿ ಪಿರಾನ್ಹಾ ಗಿಡ. ಬಲಕ್ಕೆ ಸ್ವಲ್ಪ ವಾಲಿ ಬಿದ್ದರೆ ಏನೂ ಆಗುವುದಿಲ್ಲ, ನೇರ ಬಿದ್ದರೆ ಗಿಡದ ಬಾಯಿಗೆ. ನಾನು ನೂರು ಸಲ ಆಡಿದ್ದೆ, ಒಮ್ಮೆಯೂ ಸತ್ತಿರಲಿಲ್ಲ. ಅಕ್ಕನ ಮಗನ ಕೈಗೆ ಕೊಟ್ಟೆ. ಅವನು ಅಲ್ಲಿ ಹನ್ನೊಂದು ಸಲ ಸತ್ತ. ಹನ್ನೆರಡನೇ ಸಲ ಸ್ವಿಚ್ ನನ್ನ ತೊಡೆಯ ಮೇಲಿಟ್ಟು, "ಮಾಮಾ, ಕೆಳಗೆ ಏನೂ ಕಾಣ್ಸಲ್ಲ. ನಿಂಗೆ ಹೆಂಗ್ ಗೊತ್ತು ಬಲಗಡೆಗೆ ಬೀಳ್ಬೇಕು ಅಂತ?" ಎಂದ. ಕಟ್ಟಿದವನು ನಾನಾದ್ದರಿಂದ ಗೊತ್ತು ಎಂದು ಹೇಳಲು ನಾಚಿಕೆಯಾಯಿತು.

ಆ ಜಾಗವನ್ನು ಸರಿಮಾಡಿದ್ದು ಐದು ನಾಣ್ಯಗಳಿಂದ. ಅಂಚಿನಿಂದ ಬಲಕ್ಕೆ ಓರೆಯಾಗಿ ಕೆಳಗಿಳಿಯುವ ಹಾಗೆ ಇಟ್ಟೆ, ಅಷ್ಟೇ. ನಾಣ್ಯ ಕಂಡ ಕಡೆ ಮಾರಿಯೊ ಹೋಗುತ್ತಾನೆ. ಕೆಳಕ್ಕೆ ತೋರಿಸುವ ಬಾಣದ ಫಲಕವೂ ಆದೀತು. ಆದರೆ ಬಾಣಕ್ಕಿಂತ ನಾಣ್ಯದ ಮಾತು ಬೇಗ ಮುಟ್ಟುತ್ತದೆ.

ಇದೇ ಜಾತಿಗೆ ಸೇರಿದ ಇನ್ನೂ ಕೆಲವು ಪಾಪಗಳಿವೆ. ಹೊಂಡದ ನಡುವೆ ಕಣ್ಣಿಗೆ ಕಾಣದ ಬ್ಲಾಕ್ ಬಚ್ಚಿಟ್ಟು ಹಾರಿದವರ ತಲೆಗೆ ಬಡಿಸುವುದು. ಒಂದೇ ಥರದ ಐದು ಪೈಪ್ ಇಟ್ಟು, ನಾಲ್ಕರ ಕೊನೆಯಲ್ಲಿ ಸಾವಿಟ್ಟು "ಒಂದನ್ನು ಆರಿಸು" ಎನ್ನುವುದು. ಲೆವೆಲ್ ಶುರುವಾದ ಅರೆಕ್ಷಣದಲ್ಲೇ ಎಡಗಡೆಯಿಂದ ಗುಂಡು ಹಾರಿಸುವುದು. ಇವುಗಳಲ್ಲಿ ಆಟಗಾರರ ಕೌಶಲಕ್ಕೆ ಕೆಲಸವೇ ಇಲ್ಲ, ಬರೀ ಅದೃಷ್ಟ. ಆಡುವವರನ್ನು ಬೇಕೆಂದೇ ಮೂರ್ಖರನ್ನಾಗಿಸಿ ನಗಿಸುವ 'ಟ್ರೋಲ್' ಲೆವೆಲ್ ಎಂಬ ಪ್ರಕಾರವೇ ಇದೆ, ಚೆನ್ನಾಗಿ ಮಾಡಿದರೆ ಅದೂ ಒಂದು ಕಲೆ. ಅದು ಹತ್ತಿಪ್ಪತ್ತು ಲೆವೆಲ್ ಕಟ್ಟಿದವರ ಕೆಲಸ.

ಕ್ಯಾಮೆರಾ ಬೇಡದ ಕಡೆ ಸರಿದು ಮುಂದಿನ ಗುಟ್ಟು ಬಿಟ್ಟುಕೊಡುತ್ತಿದ್ದರೆ, ಮೇಲಿಂದ ಕೆಳಗಿನವರೆಗೆ ಸಂದಿಲ್ಲದೆ ನೆಲದ ಬ್ಲಾಕ್‌ಗಳ ಗೋಡೆ ಎಬ್ಬಿಸಿ. ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಒಳಗೆ ಹೋಗಲು ಪೈಪನ್ನೋ ಬಾಗಿಲನ್ನೋ ಇಟ್ಟರಾಯಿತು.

ಇನ್ನೊಂದು ಎಡವಟ್ಟು ಹೊಸಬರಿಗೆ ಅರ್ಥವೇ ಆಗುವುದಿಲ್ಲ. ಮಾರಿಯೊ ದೂರದಲ್ಲಿರುವಾಗ ಶತ್ರುಗಳು, ಚಿಪ್ಪುಗಳು ನಿದ್ದೆಯಲ್ಲಿರುತ್ತವೆ. ಪರದೆ ಹತ್ತಿರ ಬಂದ ಮೇಲೆಯೇ ಏಳುತ್ತವೆ. ದೂರ ಹೋದರೆ ಮತ್ತೆ ಮಾಯವಾಗುತ್ತವೆ. "ಆಚೆ ಕೊನೆಯಲ್ಲಿ ಚಿಪ್ಪು ಇಷ್ಟೊತ್ತಿಗೆ ಸ್ವಿಚ್ ಗುದ್ದಿರಬೇಕಿತ್ತು" ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ ಕಾರಣ ಇದೇ. ನಿಮ್ಮ ಯಂತ್ರದ ಭಾಗಗಳೆಲ್ಲ ಒಂದು ಪರದೆಯೊಳಗೆ ಇರಲಿ.

## ಹಂತ 6: ಚೆಕ್‌ಪಾಯಿಂಟ್ ಮತ್ತು ಸಮಯ

ಚೆಕ್‌ಪಾಯಿಂಟ್ ಬಾವುಟ ಎರಡೇ ಸಿಗುವುದು. ಆದ್ದರಿಂದ ಸಮಭಾಗ ಮಾಡಿ ಹಂಚಬೇಡಿ. ಕಷ್ಟದ ಜಾಗ ದಾಟಿದ ಕೂಡಲೇ ಒಂದನ್ನಿಡಿ. ಕಷ್ಟದ ಜಾಗದ *ಮುಂಚೆ* ಇಟ್ಟು ಆಮೇಲೆ ಇನ್ನೊಂದು ಕಷ್ಟ ಇಟ್ಟರೆ, ಸತ್ತವರು ಎರಡನ್ನೂ ಮತ್ತೆ ಮತ್ತೆ ದಾಟುತ್ತಿರಬೇಕು. ನಮ್ಮ ಉದಾಹರಣೆಯಲ್ಲಿ ಮೂರನೇ ಪಾಠ ಮುಗಿದಲ್ಲಿ ಒಂದು ಬಾವುಟ ಸಾಕು.

ಅದನ್ನು ಇಡುವ ಮುನ್ನ ಒಂದು ಲೆಕ್ಕ ನೋಡಿ. ಚೆಕ್‌ಪಾಯಿಂಟ್‌ನಿಂದ ಮತ್ತೆ ಶುರುವಾದಾಗ ಸ್ವಿಚ್ ಮೊದಲಿನ ಆನ್ ಸ್ಥಿತಿಗೆ ಮರಳಿರುತ್ತದೆ. ಅಲ್ಲಿಂದ ಮುಂದಿನ ದಾರಿ ನೀಲಿಯನ್ನೇ ನಂಬಿದ್ದರೆ ಬಾವುಟದ ಪಕ್ಕದಲ್ಲೇ ಇನ್ನೊಂದು ಸ್ವಿಚ್ ಬೇಕು.

"ಐವತ್ತು ನಾಣ್ಯ ಹಿಡಿ", "ನೆಲ ಬಿಟ್ಟು ಹಾರಬೇಡ" ಎಂಬಂಥ ಷರತ್ತನ್ನು ಲೆವೆಲ್‌ಗೆ ಹಾಕಿದರೆ ಚೆಕ್‌ಪಾಯಿಂಟ್ ಇಡಲು ಬಿಡುವುದಿಲ್ಲ. ಹಾಗಾಗಿ ಷರತ್ತಿನ ಲೆವೆಲ್ ಚಿಕ್ಕದಿರಲಿ.

ಸಮಯ 10ರಿಂದ 500 ಸೆಕೆಂಡ್‌ವರೆಗೆ ಇಡಬಹುದು. ನೀವು ಓಡಿ ಮುಗಿಸಿದ್ದಕ್ಕೆ 70 ಸೆಕೆಂಡ್ ಹಿಡಿದರೆ 90 ಇಡುವುದು ಜಿಪುಣತನ. ಮೂರು ಪಟ್ಟು ಕೊಡಿ, ಅದರ ಮೇಲೆ ನೂರು ಸೇರಿಸಿ. ನೂರು ಯಾಕೆಂದರೆ, ನೂರಕ್ಕಿಂತ ಕೆಳಗಿಳಿದರೆ ಸಂಗೀತ ಓಡತೊಡಗಿ ಆಡುವವರ ಎದೆಯೂ ಓಡುತ್ತದೆ.

## ಹಂತ 7: ಸಿಕ್ಕಿಹಾಕಿಕೊಳ್ಳುವ ಜಾಗಗಳನ್ನು ಹುಡುಕಿ

ಸಾಯಲೂ ಆಗದ, ಮುಂದೆ ಹೋಗಲೂ ಆಗದ ಸ್ಥಿತಿಗೆ ಆಟಗಾರರು 'ಸಾಫ್ಟ್‌ಲಾಕ್' ಎನ್ನುತ್ತಾರೆ. ಗಡಿಯಾರ ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಮೆನು ತೆರೆದು ಮೊದಲಿನಿಂದ ಶುರುಮಾಡಬೇಕು. ಹತ್ತು ಸಲ ಸಾಯಿಸಿದರೂ ಕ್ಷಮಿಸುವವರು ಒಮ್ಮೆ ಹೀಗೆ ಕೂಡಿಹಾಕಿದರೆ ಕ್ಷಮಿಸುವುದಿಲ್ಲ.

ಹುಡುಕುವ ವಿಧಾನ: ಲೆವೆಲ್‌ನ ಮೊದಲ ತುದಿಯಿಂದ ಹೊರಟು, ಪ್ರತಿ ಸ್ವಿಚ್ಚಿನ ಹತ್ತಿರ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಗುದ್ದದೆ ಮುಂದೆ ಹೋದರೆ ಏನಾಗುತ್ತದೆ? ಎರಡು ಸಲ ಗುದ್ದಿದರೆ? ಗುದ್ದಿ ಹಿಂದಕ್ಕೆ ಹೋದರೆ?

ಆನ್/ಆಫ್ ಲೆವೆಲ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪೊಂದು ಹೀಗಿದೆ. ಆಟಗಾರ ಒಂದು ಗುಂಡಿಗೆ ಇಳಿಯುತ್ತಾನೆ. ಬಲಗೋಡೆ ಕೆಂಪು ಬ್ಲಾಕಿನದು. ಆಫ್ ಮಾಡಿಕೊಂಡು ಬಂದಿದ್ದರೆ ಸಲೀಸಾಗಿ ಹೊರಗೆ ಹೋಗುತ್ತಾನೆ. ಮರೆತು ಬಂದಿದ್ದರೆ ಗುಂಡಿಯಲ್ಲೇ ಬಂಧಿ. ಪರಿಹಾರ ಎರಡು: ಗುಂಡಿಯೊಳಗೂ ಒಂದು ಸ್ವಿಚ್ ಇಡಿ, ಇಲ್ಲವೇ ಗುಂಡಿಯ ತಳ ತೆಗೆದು ಸಾಯಲು ಬಿಡಿ. ಹೌದು, ಸಾಯಲು ಬಿಡುವುದು ಕೂಡಿಹಾಕುವುದಕ್ಕಿಂತ ದೊಡ್ಡ ಉಪಕಾರ.

ಚಿಪ್ಪು ಎಸೆದು ಸ್ವಿಚ್ ಗುದ್ದಬೇಕಾದ ಕಡೆ, ಎಸೆದದ್ದು ಗುರಿ ತಪ್ಪಿ ಹೊಂಡಕ್ಕೆ ಬಿದ್ದರೆ? ನೆಲದ ಮೇಲೆ ಒಂದೇ ಕೂಪಾ ಇಟ್ಟಿದ್ದರೆ ಕಥೆ ಮುಗಿಯಿತು. ಕೂಪಾವನ್ನು ಪೈಪಿನೊಳಗೆ ಹಾಕಿ. ಒಂದು ಹೋದರೆ ಇನ್ನೊಂದು ಹೊರಬರುತ್ತದೆ. ಇಟ್ಟಿಗೆಯನ್ನು ನಾಣ್ಯ ಮಾಡುವ ಪಿ ಸ್ವಿಚ್, ಸ್ಪ್ರಿಂಗ್ ಹೀಗೆ ಕಳೆದುಹೋಗಬಹುದಾದ ಎಲ್ಲದಕ್ಕೂ ಇದೇ ಉಪಾಯ.

ಚಿಕ್ಕ ಮಾರಿಯೊ ಮತ್ತು ದೊಡ್ಡ ಮಾರಿಯೊ ಇಬ್ಬರಿಂದಲೂ ಪರೀಕ್ಷಿಸಿ. ಒಂದು ಬ್ಲಾಕ್ ಎತ್ತರದ ಸಂದಿಯಲ್ಲಿ ಚಿಕ್ಕವನು ಸುಮ್ಮನೆ ನಡೆದು ಹೋಗುತ್ತಾನೆ, ದೊಡ್ಡವನಿಗೆ ಬಗ್ಗಿ ಜಾರಬೇಕು, ಅದಕ್ಕೆ ಓಡಿ ಬರಲು ಜಾಗ ಬೇಕು. ಇಟ್ಟಿಗೆ ಒಡೆದು ದಾರಿ ಮಾಡಿಕೊಳ್ಳುವ ಕಡೆ ತದ್ವಿರುದ್ಧ, ಚಿಕ್ಕವನ ತಲೆಗೆ ಇಟ್ಟಿಗೆ ಒಡೆಯುವುದಿಲ್ಲ. ಅಲ್ಲಿ ಅವನನ್ನು ದೊಡ್ಡವನಾಗಿಸುವ ಅಣಬೆಯೊಂದು ಸಿಗುವಂತೆ ಮಾಡಿ.

## ಹಂತ 8: ಬೇರೆಯವರ ಕೈಗೆ ಕೊಟ್ಟು ಬಾಯಿಗೆ ಬೀಗ ಹಾಕಿಕೊಳ್ಳಿ

ನಾಲ್ಕನೆಯ ಸಾಮಗ್ರಿ ಈಗ ಬೇಕು. ತಮ್ಮ, ಪಕ್ಕದ ಮನೆ ಹುಡುಗಿ, ಹಾಸ್ಟೆಲ್ ರೂಮ್‌ಮೇಟ್ ಯಾರಾದರೂ ಆದೀತು. ಮಾರಿಯೊ ಆಡಿ ಸ್ವಲ್ಪ ಅಭ್ಯಾಸವಿದ್ದರೆ ಸಾಕು, ಪಂಡಿತರು ಬೇಡ.

ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿ. "ಅಲ್ಲಿ ಹಾರು", "ಅದನ್ನ ಗುದ್ದು" ಎಂದು ಬಾಯಿ ತೆರೆದರೆ ಪರೀಕ್ಷೆ ಕೆಟ್ಟಿತು. ಅಪ್‌ಲೋಡ್ ಆದ ಮೇಲೆ ನೀವು ಎಲ್ಲರ ಪಕ್ಕದಲ್ಲೂ ಕೂತಿರುವುದಿಲ್ಲವಲ್ಲ! ಹಾಳೆಯಲ್ಲಿ ಎರಡೇ ವಿಷಯ ಬರೆದುಕೊಳ್ಳಿ. ಎಲ್ಲಿ ಸತ್ತರು? ಎಲ್ಲಿ ಸುಮ್ಮನೆ ನಿಂತು ಪರದೆ ನೋಡಿದರು?

ಒಂದೇ ಜಾಗದಲ್ಲಿ ಐದಕ್ಕಿಂತ ಹೆಚ್ಚು ಸಲ ಸತ್ತರೆ, ಮತ್ತು ಪ್ರತಿ ಸಲವೂ ಒಂದೇ ರೀತಿ ಸತ್ತರೆ, ಲೆವೆಲ್ ಏನನ್ನೋ ಹೇಳಿಕೊಟ್ಟಿಲ್ಲ. ಬೇರೆ ಬೇರೆ ರೀತಿ ಪ್ರಯತ್ನಿಸಿ ಸತ್ತರೆ ಚಿಂತೆಯಿಲ್ಲ, ಅವರು ಕಲಿಯುತ್ತಿದ್ದಾರೆ. ಸುಮ್ಮನೆ ನಿಂತರೆ ದಾರಿ ಕಾಣುತ್ತಿಲ್ಲ. ಸತ್ತಾಗ ನಕ್ಕರೆ ಆ ಜಾಗವನ್ನು ಮುಟ್ಟಬೇಡಿ. ನಿಟ್ಟುಸಿರು ಬಿಟ್ಟರೆ ಹಂತ 5ಕ್ಕೆ ವಾಪಸ್.

ಆಡಿದವರ ಅಭಿಪ್ರಾಯ ಕೇಳುವುದರಿಂದ ದೊಡ್ಡ ಪ್ರಯೋಜನವಿಲ್ಲ. "ಚೆನ್ನಾಗಿದೆ" ಎನ್ನುತ್ತಾರೆ. ನಮ್ಮ ಜನ ಚಹಾ ಕುಡಿದ ಮನೆಯಲ್ಲಿ ಕೆಟ್ಟದ್ದು ಹೇಳುವುದಿಲ್ಲ. ಬೆರಳನ್ನು ನೋಡಿ.

## ಹಂತ 9: ಅಪ್‌ಲೋಡ್

ಮೊದಲು ಲೆವೆಲನ್ನು ಬೇರೊಂದು ಸ್ಲಾಟ್‌ನಲ್ಲೂ ಉಳಿಸಿ. ಆಮೇಲೆ ತಿದ್ದಬೇಕಾದಾಗ ಅದೇ ಕೈಹಿಡಿಯುವುದು.

ಅಪ್‌ಲೋಡ್ ಒತ್ತಿದರೆ ನೀವೇ ಆಡಿ ಮುಗಿಸಿ ತೋರಿಸಬೇಕು. ಚೆಕ್‌ಪಾಯಿಂಟ್ ಇಟ್ಟಿದ್ದರೆ ಮೊದಲಿನಿಂದ ಒಮ್ಮೆ, ಪ್ರತಿ ಬಾವುಟದಿಂದಲೂ ಒಮ್ಮೆ. ಇಲ್ಲಿ ಕೆಲವರು ಕಳ್ಳದಾರಿ ಹಿಡಿಯುತ್ತಾರೆ. ಕಾಣದ ಬ್ಲಾಕ್‌ಗಳಿಂದ ತಮಗೊಬ್ಬರಿಗೇ ಗೊತ್ತಿರುವ ಹಿಂಬಾಗಿಲು ಮಾಡಿಕೊಂಡು, ಆ ದಾರಿಯಲ್ಲಿ ನುಸುಳಿ ಮುಗಿಸಿ, ಅಸಾಧ್ಯವಾದ ಲೆವೆಲನ್ನು ಲೋಕಕ್ಕೆ ಬಿಡುತ್ತಾರೆ. ನಿಂಟೆಂಡೊದ ಹಿಂದಿನ ಯಂತ್ರ ವೀ ಯು ಕಾಲದ ಮೊದಲ ಮಾರಿಯೊ ಮೇಕರ್‌ನಲ್ಲಿ ಇದಕ್ಕೂ ಮೀರಿದ್ದು ನಡೆದಿತ್ತು. ಆನ್‌ಲೈನ್ ಸೇವೆ ನಿಲ್ಲುವ ಮೊದಲು ಎಲ್ಲ ಲೆವೆಲ್ ಮುಗಿಸಬೇಕೆಂದು ಆಟಗಾರರ ತಂಡವೊಂದು ಹಟ ಹಿಡಿದಾಗ 'ಟ್ರಿಮ್ಮಿಂಗ್ ದ ಹರ್ಬ್ಸ್' ಎಂಬುದೊಂದು ಬಹಳ ಕಾಲ ಯಾರ ಕೈಗೂ ಬಗ್ಗಲಿಲ್ಲ. ಅದನ್ನು ಅಪ್‌ಲೋಡ್ ಮಾಡಲು, ತಾನಾಗಿ ಬಟನ್ ಒತ್ತುವ ಉಪಕರಣದ ನೆರವು ಪಡೆದಿದ್ದೆ ಎಂದು 2024ರ ಮಾರ್ಚ್‌ನಲ್ಲಿ ಕಟ್ಟಿದಾತನೇ ಒಪ್ಪಿಕೊಂಡ. ನಿಮ್ಮ ಲೆವೆಲನ್ನು ನೀವೇ ಒಂದು ಗಂಟೆಯಲ್ಲಿ ಮುಗಿಸಲಾಗದಿದ್ದರೆ ಅಪ್‌ಲೋಡ್ ನಿಲ್ಲಿಸಿ, ಎರಡು ಅಡೆತಡೆ ತೆಗೆಯಿರಿ.

ಹೆಸರು ಚಿಕ್ಕದಿರಲಿ, ಲೆವೆಲ್‌ನಲ್ಲಿ ಏನಿದೆ ಎಂಬುದು ಅದರಲ್ಲೇ ತಿಳಿಯಲಿ. ಸ್ವಿಚ್‌ನ ಕೀಲಿಮಣೆಯಲ್ಲಿ ಕನ್ನಡ ಅಕ್ಷರಗಳಿಲ್ಲ. ಕನ್ನಡದ ಹೆಸರಿಡಬೇಕೆಂದರೆ ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ನನ್ನ ಒಂದು ಲೆವೆಲ್‌ಗೆ 'ಕುಂಟೆಬಿಲ್ಲೆ' ಎಂದು ಹಾಗೆಯೇ ಬರೆದಿದ್ದೇನೆ, ಆಡಿದವರಲ್ಲಿ ಎಷ್ಟು ಜನರಿಗೆ ಅರ್ಥವಾಯಿತೋ. ಟ್ಯಾಗ್ ಎರಡು ಹಾಕಬಹುದು, ಸುಳ್ಳು ಟ್ಯಾಗ್ ಬೇಡ. ಒಗಟಿನ ಲೆವೆಲ್ ಎಂದು ಬಂದವರಿಗೆ ಓಟದ ಲೆವೆಲ್ ಸಿಕ್ಕರೆ ಸಿಟ್ಟಾಗುತ್ತಾರೆ.

ಎಂಡ್‌ಲೆಸ್ ಚಾಲೆಂಜ್, ಅಂದರೆ ಬೇರೆಯವರ ಲೆವೆಲ್‌ಗಳನ್ನು ಒಂದಾದ ಮೇಲೊಂದರಂತೆ ಆಡುವ ವಿಧಾನ, ಆಡುವವರ ಎದುರಿಗೂ ನಿಮ್ಮ ಲೆವೆಲ್ ಬರುತ್ತದೆ. ಅವರಿಗೆ ಇಷ್ಟವಾಗದಿದ್ದರೆ ಬಟನ್ ಹಿಡಿದು ದಾಟಿಸಿಬಿಡಬಹುದು. ಅದನ್ನು ಅವರು ನಿರ್ಧರಿಸುವುದು ಮೊದಲ ಪರದೆ ನೋಡಿ. ಶುರುವಿನಲ್ಲೇ ಇಪ್ಪತ್ತು ಗೂಂಬಾಗಳ ಗೋಪುರ ಕಂಡರೆ ಬೆರಳು ತಾನಾಗಿ ಆ ಬಟನ್ ಮೇಲೆ ಹೋಗುತ್ತದೆ. ಆದ್ದರಿಂದ ಮೊದಲ 24 ಬ್ಲಾಕ್‌ಗಳನ್ನು ಮನೆಯ ಮುಂದಿನ ರಂಗೋಲಿಯಂತೆ ಒಪ್ಪವಾಗಿಡಿ.

## ಹಂತ 10: ಆಮೇಲೆ ಬರುವ ಸಂಖ್ಯೆಗಳನ್ನು ಓದುವುದು

ಒಂಬತ್ತು ಅಕ್ಷರಗಳ ಕೋರ್ಸ್ ಐಡಿ ಸಿಗುತ್ತದೆ, ಅದನ್ನು ಗೆಳೆಯರಿಗೆ ಕಳಿಸಿ. ಒಬ್ಬೊಬ್ಬರಿಗೆ ಅಪ್‌ಲೋಡ್ ಮಾಡಿ ಇಟ್ಟುಕೊಳ್ಳಲು 100 ಲೆವೆಲ್‌ಗಳವರೆಗೆ ಅವಕಾಶವಿದೆ. ಆದ್ದರಿಂದ ಒಂದು ನೆಲಕಚ್ಚಿದರೆ ಆಕಾಶ ಬೀಳುವುದಿಲ್ಲ.

ಎಷ್ಟು ಪ್ರಯತ್ನಗಳಲ್ಲಿ ಎಷ್ಟು ಗೆಲುವು ಎಂಬ ಕ್ಲಿಯರ್ ರೇಟ್ ನೋಡಿ ಆಟವೇ ಲೆವೆಲನ್ನು ಈಸಿ, ನಾರ್ಮಲ್, ಎಕ್ಸ್‌ಪರ್ಟ್, ಸೂಪರ್ ಎಕ್ಸ್‌ಪರ್ಟ್ ಎಂದು ವಿಂಗಡಿಸುತ್ತದೆ. ಸುಲಭವೆಂದು ಕಟ್ಟಿದ್ದು ಎಕ್ಸ್‌ಪರ್ಟ್‌ಗೆ ಹೋಗಿ ಕೂತಿದ್ದರೆ ಜನರನ್ನು ಬೈಯಬೇಡಿ, ಎಲ್ಲೋ ಒಂದು ಗೆರೆಯನ್ನು ನಿಮ್ಮ ಕಾಲಳತೆಗೆ ಗೀಚಿದ್ದೀರಿ.

ಎಲ್ಲಿ ಎಂದು ತಿಳಿಯಲು ನಿಮ್ಮ ಲೆವೆಲನ್ನು ನೀವೇ ಆಡಿ, ಬೇಕೆಂದೇ ಸಾಯಿರಿ. ಬೇರೆಯವರು ಸತ್ತ ಜಾಗಗಳು ಕೆಂಪು ಅಡ್ಡಗುರುತಾಗಿ ಕಾಣಿಸುತ್ತವೆ. ಅಲ್ಲಲ್ಲಿ ಚದುರಿದ್ದರೆ ಲೆವೆಲ್ ನ್ಯಾಯವಾಗಿದೆ. ಒಂದೇ ಕಡೆ ಸಾಸಿವೆ ಸುರಿದಂತೆ ಒತ್ತಾಗಿದ್ದರೆ ಆ ಜಾಗಕ್ಕೆ ನಾಣ್ಯವೋ ನೆಲವೋ ಬೇಕು. ಮೊದಲ ಹೊಂಡದಲ್ಲೇ ಒತ್ತಾಗಿದ್ದರೆ ಹೊಂಡವನ್ನು ಎರಡು ಬ್ಲಾಕ್ ಕಿರಿದು ಮಾಡಿ.

ಅಪ್‌ಲೋಡ್ ಆದದ್ದನ್ನು ತಿದ್ದಲಾಗದು. ಬೇರೆ ಸ್ಲಾಟ್‌ನಲ್ಲಿ ಉಳಿಸಿದ ಪ್ರತಿ ತೆರೆದು ತಿದ್ದಿ, ಹಳೆಯದನ್ನು ತೆಗೆದುಹಾಕಿ, ಮತ್ತೆ ಮುಗಿಸಿ ತೋರಿಸಿ ಹೊಸದಾಗಿ ಏರಿಸಬೇಕು. ಬಂದಿದ್ದ ಲೈಕ್‌ಗಳು ಹಳೆಯದರ ಜೊತೆಗೇ ಹೋಗುತ್ತವೆ. ಹೊಸದಕ್ಕೆ ಬೇರೆ ಐಡಿ ಬರುತ್ತದೆ, ಮೊದಲು ಕಳಿಸಿದವರಿಗೆಲ್ಲ ಅದನ್ನು ಮತ್ತೆ ಕಳಿಸಲು ಮರೆಯಬೇಡಿ.